ಕಾಬ್‌ವೆಬ್ ಸಿದ್ಧಾಂತಕ್ಕೆ ಆ ಹೆಸರು ಬಂದದ್ದು ಹೇಗೆ?

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನವಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ‘ಕಾಬ್‌ವೆಬ್ ಸಿದ್ಧಾಂತ’ ಇದೆ. ಕನ್ನಡ ನೋಟ್ಸಿನಲ್ಲಿ ಅದನ್ನು ‘ಜೇಡರ ಬಲೆ ಸಿದ್ಧಾಂತ’ ಅಂತ ಬರೆದಿದ್ದಾರೆ. ಬೆಲೆಯ ಏರಿಳಿತದಲ್ಲಿ ರೈತ ಬಲೆಗೆ ಬಿದ್ದ ನೊಣದ ಹಾಗೆ ಸಿಕ್ಕಿಕೊಳ್ಳುತ್ತಾನೆ, ಅದಕ್ಕೇ ಈ ಹೆಸರು ಅಂತ ಅದರಲ್ಲಿದೆ. ನಮ್ಮ ಅಣ್ಣ ಬೇರೆಯೇ ಹೇಳುತ್ತಾನೆ. ಕಾಬ್ ಅಂದರೆ ಮೆಕ್ಕೆಜೋಳದ ತೆನೆ, ಬೆಳೆಗೆ ಸಂಬಂಧಪಟ್ಟ ಸಿದ್ಧಾಂತ ಅಲ್ವಾ, ಅದಕ್ಕೆ ಆ ಹೆಸರು ಅನ್ನುತ್ತಾನೆ. ಯಾವುದು ಸರಿ? ನಮ್ಮ ಮನೆಯಲ್ಲಿ ತೊಗರಿ ಬೆಳೆಯುತ್ತೇವೆ. ತೊಗರಿ ಧಾರಣಿಯನ್ನು ಇದಕ್ಕೆ ಉದಾಹರಣೆಯಾಗಿ ಬರೆಯಬಹುದಾ?

ಉತ್ತರ: ತಂಗಿ, ಎರಡೂ ಸರಿಯಲ್ಲ. ಆ ಹೆಸರಿಗೆ ತೆನೆಯ ಸಂಬಂಧವಿಲ್ಲ, ರೈತ ಸಿಕ್ಕಿಬೀಳುವುದರ ಸಂಬಂಧವೂ ಇಲ್ಲ. ಹೋದ ವರ್ಷದ ರೇಟು ನೋಡಿ ರೈತ ಬಿತ್ತುತ್ತಾನೆ, ಹಾಗೆ ಬಂದ ಬೆಳೆ ಈ ವರ್ಷದ ರೇಟನ್ನು ಏರಿಳಿಸುತ್ತದೆ, ಇದೇ ಆ ಸಿದ್ಧಾಂತ. ಹೆಸರು ಮಾತ್ರ ಅದರ ಚಿತ್ರದ್ದು. ಬೆಲೆ ಮತ್ತು ಬೆಳೆ ವರ್ಷದಿಂದ ವರ್ಷಕ್ಕೆ ಹೇಗೆ ಓಡಾಡುತ್ತವೆ ಅಂತ ಕಾಗದದ ಮೇಲೆ ಗೆರೆ ಎಳೆದರೆ ಜೇಡ ನೇಯ್ದ ಹಾಗೆ ಕಾಣುತ್ತದೆ. ಅಷ್ಟಕ್ಕೇ ಆ ಹೆಸರು.

ನಿಮ್ಮ ನೋಟ್ಸಿನಲ್ಲಿರುವ ತಪ್ಪನ್ನು ನಾನೂ ಮಾಡಿದ್ದೇನೆ. ಪಾಠ ಹೇಳಲು ಶುರು ಮಾಡಿದ ಮೊದಲ ಕೆಲವು ವರ್ಷ ನಾನೂ ತರಗತಿಯಲ್ಲಿ ನೊಣದ ಕಥೆಯನ್ನೇ ಹೇಳುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ. ‘ಸರ್, ಬಲೆ ನೇಯೋದು ಜೇಡ. ರೇಟು ನೋಡಿ ಬಿತ್ತೋದು ರೈತ. ಅಂದ್ರೆ ರೈತ ಜೇಡ ಆಗಬೇಕಲ್ಲ? ಜೇಡ ತನ್ನ ಬಲೆಗೆ ತಾನೇ ಬೀಳುತ್ತಾ?’ ಅವನ ಮನೆಯವರು ಮಗ್ಗದವರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋದವನೇ ನಿಘಂಟು ತೆಗೆದೆ. ಇವತ್ತು ನಿಮಗೆ ಹೇಳುತ್ತಿರುವ ಸಂಗತಿಯಲ್ಲಿ ಅರ್ಧದಷ್ಟು ಆ ಪ್ರಶ್ನೆಯಿಂದ ಬಂದದ್ದು.

ಮೊದಲು ಚಿತ್ರ ನೋಡೋಣ. ಚಿತ್ರ ಗೊತ್ತಾಗದೆ ಹೆಸರು ಗೊತ್ತಾಗಲ್ಲ.

ಒಂದು ಹಾಳೆ ತಗೊಳ್ಳಿ. ಕೆಳಗಡೆ ಎಡದಿಂದ ಬಲಕ್ಕೆ ಮಾರುಕಟ್ಟೆಗೆ ಬಂದ ತೊಗರಿ, ಎಡಗಡೆ ಕೆಳಗಿನಿಂದ ಮೇಲಕ್ಕೆ ಕ್ವಿಂಟಲ್ ಧಾರಣಿ. ಮಾಲು ಜಾಸ್ತಿ ಬಂದಷ್ಟೂ ರೇಟು ಇಳಿಯುತ್ತದೆ. ಆದ್ದರಿಂದ ಬೇಡಿಕೆಯ ಗೆರೆ ಎಡದ ಮೇಲಿನಿಂದ ಬಲದ ಕೆಳಕ್ಕೆ ಇಳಿಯುತ್ತದೆ. ರೇಟು ಜಾಸ್ತಿ ಇದ್ದಷ್ಟೂ ಜನ ಜಾಸ್ತಿ ಬಿತ್ತುತ್ತಾರೆ. ಆದ್ದರಿಂದ ಪೂರೈಕೆಯ ಗೆರೆ ಎಡದ ಕೆಳಗಿನಿಂದ ಬಲದ ಮೇಲಕ್ಕೆ ಏರುತ್ತದೆ. ಎರಡೂ ಗೆರೆ ನಡುವೆ ಒಂದು ಕಡೆ ಕೂಡುತ್ತವೆ. ನಮ್ಮ ಲೆಕ್ಕಕ್ಕೆ ಆ ಜಾಗ 1 ಲಕ್ಷ ಕ್ವಿಂಟಲ್, 7000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇವೆಲ್ಲ ವಿಷಯ ತಿಳಿಯಲಿ ಅಂತ ನಾನೇ ಹಾಕಿದ ಅಂಕಿಗಳು, ಯಾವ ಮಾರುಕಟ್ಟೆಯ ಲೆಕ್ಕವೂ ಅಲ್ಲ.

ಒಂದು ವರ್ಷ ಮಳೆ ಕೈಕೊಟ್ಟಿತು. ಬಂದದ್ದು 60 ಸಾವಿರ ಕ್ವಿಂಟಲ್ ಮಾತ್ರ. ಧಾರಣಿ 9000ಕ್ಕೆ ಏರಿತು. ಬೇಡಿಕೆಯ ಗೆರೆಯ ಮೇಲೆ ಅಲ್ಲಿ ಒಂದು ಚುಕ್ಕಿ ಇಡಿ. ಆ 9000 ನೋಡಿ ಮುಂದಿನ ಮುಂಗಾರಿಗೆ ಎಲ್ಲರೂ ತೊಗರಿ ಬಿತ್ತಿದರು. ಚುಕ್ಕಿಯಿಂದ ನೇರ ಅಡ್ಡಕ್ಕೆ, ಪೂರೈಕೆಯ ಗೆರೆ ಸಿಗುವ ತನಕ ಪೆನ್ಸಿಲ್ ಎಳೆಯಿರಿ. 1 ಲಕ್ಷ 20 ಸಾವಿರಕ್ಕೆ ಮುಟ್ಟಿತು. ರಾಶಿಯಾಗಿ ಅಷ್ಟೂ ಮಾಲು ಒಟ್ಟಿಗೇ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬಂತು. ಈಗ ಅಲ್ಲಿಂದ ನೆಟ್ಟಗೆ ಕೆಳಕ್ಕೆ, ಬೇಡಿಕೆಯ ಗೆರೆ ಸಿಗುವ ತನಕ ಇಳಿಯಿರಿ. ಧಾರಣಿ 6000. ಬೇಜಾರಾಗಿ ಮುಂದಿನ ವರ್ಷ ಎಷ್ಟೋ ಜನ ತೊಗರಿ ಬಿಟ್ಟರು. ಎಡಕ್ಕೆ ಅಡ್ಡ ಗೆರೆ, 90 ಸಾವಿರ ಕ್ವಿಂಟಲ್. ಮಾಲು ಕಡಿಮೆಯಾದ್ದರಿಂದ ರೇಟು ಮತ್ತೆ ಮೇಲಕ್ಕೆ, 7500. ಮತ್ತೆ ಬಲಕ್ಕೆ, 1 ಲಕ್ಷ 5 ಸಾವಿರ. ಮತ್ತೆ ಕೆಳಕ್ಕೆ, 6750.

ಈಗ ಪೆನ್ಸಿಲ್ ಎತ್ತಿ ಹಾಳೆ ನೋಡಿ. ಚೌಕ ಚೌಕವಾಗಿ ಒಳಕ್ಕೆ ಸುತ್ತಿಕೊಂಡು ಹೋದ ಸುರುಳಿ ಕಾಣುತ್ತದೆ. ಎರಡು ಗೆರೆಗಳು ಕಂಬದ ಹಾಗೆ ನಿಂತಿವೆ, ಅವುಗಳ ನಡುವೆ ಒಂದೇ ಎಳೆ ಕಡಿಯದೆ ಸುತ್ತು ಹಾಕಿದೆ. ಜೇಡ ಮೊದಲು ಆಧಾರದ ಎಳೆಗಳನ್ನು ಕಟ್ಟಿ, ಆಮೇಲೆ ಅವುಗಳಿಗೆ ಅಂಟಿಸುತ್ತಾ ಸುತ್ತು ಹಾಕುವುದೂ ಹೀಗೇ.

ಈ ಸುರುಳಿ ಹುಟ್ಟುವುದಕ್ಕೆ ಮುಖ್ಯ ಕಾರಣ ಒಂದೇ, ಬಿತ್ತಿಗೆಗೂ ಮಾರಾಟಕ್ಕೂ ನಡುವಿನ ಅಂತರ. ತೊಗರಿಯನ್ನು ಜೂನ್-ಜುಲೈನಲ್ಲಿ ಬಿತ್ತುತ್ತೀರಿ. ಕಾಯಿ ಒಣಗಿ ರಾಶಿ ಆಗುವುದು ಡಿಸೆಂಬರ್-ಜನವರಿಗೆ. ಕಾರ ಹುಣ್ಣಿಮೆ ಹೊತ್ತಿಗೆ ಮಾಡಿದ ತೀರ್ಮಾನದ ಫಲ ಗೊತ್ತಾಗುವುದು ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿದ ಮೇಲೆ. ನಡುವೆ ರೇಟು ಏನೇ ಆಗಲಿ, ಬಿತ್ತಿದ್ದನ್ನು ವಾಪಸ್ ತಗೊಳ್ಳಲು ಆಗಲ್ಲ. ಬಂದ ಮಾಲು ಎಷ್ಟಿದೆಯೋ ಅದರ ಮೇಲೆ ಆ ವರ್ಷದ ರೇಟು ನಿಲ್ಲುತ್ತದೆ. ಈ ಅಂತರ ಇಲ್ಲದಿದ್ದರೆ ಸುರುಳಿಯೇ ಇಲ್ಲ.

ಇನ್ನೊಂದು ಮಾತು. ಸುರುಳಿ ಯಾವಾಗಲೂ ಒಳಕ್ಕೇ ಹೋಗಬೇಕು ಅಂತಿಲ್ಲ. ನಾವು ಎಳೆದ ಚಿತ್ರದಲ್ಲಿ ಪೂರೈಕೆಯ ಗೆರೆ ಜಾಸ್ತಿ ಕಡಿದಾಗಿತ್ತು, ಅದಕ್ಕೆ ಒಳಕ್ಕೆ ಹೋಯಿತು. ಬೇಡಿಕೆಯ ಗೆರೆ ಜಾಸ್ತಿ ಕಡಿದಾಗಿದ್ದರೆ ವರ್ಷ ವರ್ಷಕ್ಕೂ ಏರಿಳಿತ ದೊಡ್ಡದಾಗುತ್ತಾ ಸುರುಳಿ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಎರಡೂ ಒಂದೇ ಸಮ ಇದ್ದರೆ ಅದೇ ಚೌಕದಲ್ಲಿ ಸುತ್ತುತ್ತಾ ಇರುತ್ತದೆ. ಬೇಳೆ ದುಬಾರಿ ಆಯಿತು ಅಂತ ನಮ್ಮ ಮನೆಗಳಲ್ಲಿ ಸಾರು ಮಾಡುವುದನ್ನು ಬಿಡುತ್ತೇವಾ? ಸ್ವಲ್ಪ ತೆಳ್ಳಗೆ ಮಾಡುತ್ತೇವೆ ಅಷ್ಟೇ. ಅಂದರೆ ತೊಗರಿಯ ಬೇಡಿಕೆಯ ಗೆರೆ ಕಡಿದಾಗಿದೆ. ಮಾಲು ಸ್ವಲ್ಪ ಹೆಚ್ಚು ಕಡಿಮೆ ಆದರೂ ರೇಟು ಸಿಕ್ಕಾಪಟ್ಟೆ ಜಿಗಿಯುವುದು ಇದಕ್ಕೇ.

ಈಗ ಹೆಸರಿಟ್ಟವರ ವಿಷಯ. ಬೆಲೆ ಹೀಗೆ ಒಂದು ವರ್ಷ ಮೇಲೆ ಒಂದು ವರ್ಷ ಕೆಳಗೆ ಆಡುವುದನ್ನು ಮೊದಲು ಚೆನ್ನಾಗಿ ಅಳೆದದ್ದು ಹಂದಿ ಸಾಕಣೆಯಲ್ಲಿ. ಜರ್ಮನಿಯ ಆರ್ಥರ್ ಹನಾವ್ 1920ರ ದಶಕದ ಕೊನೆಯಲ್ಲಿ ಹಂದಿ ಬೆಲೆಗಳ ಲೆಕ್ಕ ಹಾಕಿ ತೋರಿಸಿದರು. ಜರ್ಮನ್ನರು ಅದನ್ನು ‘ಹಂದಿ ಚಕ್ರ’ ಅಂತಲೇ ಕರೆಯುತ್ತಾರೆ. 1930ರಲ್ಲಿ ಮೂರು ದೇಶದ ಮೂವರು, ಅಮೆರಿಕದ ಹೆನ್ರಿ ಶುಲ್ಟ್ಸ್, ನೆದರ್ಲೆಂಡ್ಸಿನ ಯಾನ್ ಟಿನ್‌ಬರ್ಗನ್, ಇಟಲಿಯ ಉಂಬೆರ್ತೊ ರಿಚ್ಚಿ, ಬೇರೆ ಬೇರೆಯಾಗಿ ಕೆಲಸ ಮಾಡಿ ಇದೇ ಮಾತಿಗೆ ಬಂದರು. ಮೂವರೂ ಬರೆದದ್ದು ಜರ್ಮನ್ ಭಾಷೆಯಲ್ಲಿ. ಟಿನ್‌ಬರ್ಗನ್ ಅವರ ಹೆಸರು ನಿಮಗೆ ಗೊತ್ತಿರುತ್ತದೆ. 1969ರಲ್ಲಿ ಅರ್ಥಶಾಸ್ತ್ರಕ್ಕೆ ಮೊದಲ ಸಲ ನೊಬೆಲ್ ಕೊಟ್ಟಾಗ ಅದನ್ನು ಹಂಚಿಕೊಂಡ ಇಬ್ಬರಲ್ಲಿ ಅವರೊಬ್ಬರು.

ಆದರೆ ಹೆಸರಿಟ್ಟದ್ದು ನಿಕೊಲಾಸ್ ಕಾಲ್ಡೋರ್. ಹಂಗೇರಿಯ ಬುಡಾಪೆಸ್ಟಿನಲ್ಲಿ 1908ರಲ್ಲಿ ಹುಟ್ಟಿ, ಲಂಡನ್ನಿಗೆ ಓದಲು ಹೋಗಿ ಇಂಗ್ಲೆಂಡಿನಲ್ಲೇ ನೆಲೆಯಾದವರು. 1934ರಲ್ಲಿ, ಇಪ್ಪತ್ತೈದು ಇಪ್ಪತ್ತಾರರ ವಯಸ್ಸಿನಲ್ಲಿ, ಮಾರುಕಟ್ಟೆಯ ಸಮತೋಲನದ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲಿ ಈ ಸುರುಳಿ ಚಿತ್ರಕ್ಕೆ ‘ಕಾಬ್‌ವೆಬ್’ ಅಂದರು. ನಾಲ್ಕು ವರ್ಷ ಬಿಟ್ಟು, 1938ರಲ್ಲಿ, ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಮೊರ್ಡೆಕೈ ಎಜೆಕಿಯಲ್ ಇದೇ ಹೆಸರಿಟ್ಟು ದೊಡ್ಡ ಲೇಖನ ಬರೆದ ಮೇಲೆ ಎಲ್ಲ ಪಠ್ಯಪುಸ್ತಕಗಳಿಗೂ ಹೆಸರು ಹೋಯಿತು. ಈ ಕಾಲ್ಡೋರ್ ಅವರೇ 1956ರಲ್ಲಿ ಭಾರತಕ್ಕೆ ಬಂದು ತೆರಿಗೆ ಸುಧಾರಣೆಯ ವರದಿ ಕೊಟ್ಟವರು. ಮರುವರ್ಷ ಬಂದ ಸಂಪತ್ತು ತೆರಿಗೆ, ವೆಚ್ಚ ತೆರಿಗೆ ಎರಡಕ್ಕೂ ಅವರ ವರದಿಯೇ ಬುನಾದಿ. ಸಾರ್ವಜನಿಕ ಹಣಕಾಸಿನ ಪಾಠದಲ್ಲಿ ನೀವು ಓದುವ ಕಾಲ್ಡೋರ್ ಇವರೇ. ಇಬ್ಬರು ಅಂದುಕೊಂಡು ಬರೆದ ಉತ್ತರಪತ್ರಿಕೆಗಳನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ಇನ್ನು ಪದದ ಒಳಕ್ಕೆ ಹೋಗೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ನಿಮ್ಮ ಅಣ್ಣ ಹೇಳಿದ ಕಾಬ್, ಮೆಕ್ಕೆಜೋಳದ ತೆನೆಯ ಕಾಬ್, ಬೇರೆ ಪದ. ಈ ಕಾಬ್ ಮೊದಲು ಕಾಬ್ ಆಗಿರಲೇ ಇಲ್ಲ, ‘ಕೊಪ್ಪೆ’ ಆಗಿತ್ತು. ಸುಮಾರು 14ನೇ ಶತಮಾನದ ಇಂಗ್ಲಿಷಿನಲ್ಲಿ ಈ ಪದ ‘ಕೊಪ್ಪೆವೆಬ್’ ಅಂತ ಸಿಗುತ್ತದೆ. ಕೊಪ್ಪೆ ಅಂದರೆ ಜೇಡ. ಅದಕ್ಕೂ ಹಿಂದೆ ಹೋದರೆ ಹಳೆಯ ಇಂಗ್ಲಿಷಿನಲ್ಲಿ ಜೇಡಕ್ಕೆ ‘ಆಟರ್‌ಕೊಪ್ಪೆ’ ಅನ್ನುತ್ತಿದ್ದರು. ‘ಆಟರ್’ ಅಂದರೆ ವಿಷ. ‘ಕೊಪ್ಪೆ’ ಅಂದರೆ ತಲೆ ಅಥವಾ ದುಂಡಗಿರುವುದು ಅಂತ ನಿಘಂಟು ಮಾಡಿದವರು ಊಹೆ ಮಾಡುತ್ತಾರೆ. ಒಟ್ಟಿನಲ್ಲಿ ‘ವಿಷದ ತಲೆಯದು’. ಕಾಲ ಹೋದ ಹಾಗೆ ಮುಂದಿನ ವಿಷ ಉದುರಿಹೋಯಿತು, ಬರೀ ಕೊಪ್ಪೆ ಉಳಿಯಿತು. ಆಮೇಲೆ ಅದೂ ಒಂಟಿಯಾಗಿ ಸತ್ತುಹೋಗಿ, ಕಾಬ್‌ವೆಬ್ ಅನ್ನುವ ಜೋಡಿಪದದೊಳಗೆ ಮಾತ್ರ ಬದುಕಿಕೊಂಡಿತು. ಇವತ್ತು ಇಂಗ್ಲಿಷ್ ಮಾತಾಡುವವರಿಗೂ ಈ ಕಾಬ್ ಅಂದರೆ ಏನು ಅಂತ ಸುಮ್ನೆ ಕೇಳಿದರೆ ಹೊಳೆಯಲ್ಲ. ಆದರೆ ಡೆನ್ಮಾರ್ಕಿನಲ್ಲಿ ಹಳೆಯದು ಇನ್ನೂ ಜೀವಂತ. ಅಲ್ಲಿ ಜೇಡಕ್ಕೆ ಈಗಲೂ ‘ಎಡ್ಡರ್‌ಕಾಪ್’ ಅಂತಲೇ ಹೇಳುತ್ತಾರೆ. ಅಂದರೆ ಮೊದಲ ಅರ್ಧದಲ್ಲಿ ಇರುವುದು ವಿಷದ ಹುಳು.

ಎರಡನೇ ಅರ್ಧ ‘ವೆಬ್’. ಇದು ‘ವೀವ್’ ಅನ್ನುವ ಕ್ರಿಯಾಪದದ ಮನೆಯದು. ವೀವ್ ಅಂದರೆ ನೇಯುವುದು. ವೆಬ್ ಅಂದರೆ ನೇಯ್ದದ್ದು. ಹಳೆಯ ಇಂಗ್ಲಿಷಿನಲ್ಲಿ ಮಗ್ಗದಿಂದ ಇಳಿಸಿದ ಬಟ್ಟೆಗೂ ವೆಬ್ ಅನ್ನುತ್ತಿದ್ದರು. ಆ ಪದದೊಳಗೆ ಹಿಡಿಯುವುದು, ಸಿಕ್ಕಿಸುವುದು ಅನ್ನುವ ಅರ್ಥ ಮೂಲದಲ್ಲಿ ಇಲ್ಲ. ಅದರಲ್ಲೂ ಕಾಬ್‌ವೆಬ್ ಅಂದರೆ ಇಂಗ್ಲಿಷಿನವರ ಕಣ್ಣಿಗೆ ಬರುವುದು ಮನೆಯ ಮೂಲೆಯಲ್ಲಿ ಧೂಳು ಹಿಡಿದು ಜೋತುಬಿದ್ದ ಹಳೆಯ ಎಳೆ. ನೊಣಕ್ಕೆ ಕಾದು ಕೂತ ಬೋನು ಅಲ್ಲ.

ಈಗ ಕನ್ನಡಕ್ಕೆ ಬನ್ನಿ. ‘ಜೇಡರ ಬಲೆ’. ಇಲ್ಲಿ ಬಲೆ ಅಂದರೆ ಏನು? ಮೀನು ಹಿಡಿಯುವ ಬಲೆ, ಬೇಟೆಗಾರ ಹಾಸುವ ಬಲೆ. ತಮಿಳಿನ ವಲೈ, ತೆಲುಗಿನ ವಲ, ಎಲ್ಲ ಇದೇ ಕುಟುಂಬ, ಎಲ್ಲದರ ಕೆಲಸ ಹಿಡಿಯುವುದೇ. ‘ಬಲೆಗೆ ಬಿದ್ದ’, ‘ಬಲೆ ಬೀಸಿದ’ ಅಂತ ದಿನಾ ಹೇಳುತ್ತೇವೆ. ಯಾರೋ ಮೊದಲು ಅನುವಾದ ಮಾಡಿದವರು ಕಾಬ್‌ವೆಬ್ಬಿಗೆ ಜೇಡರ ಬಲೆ ಅಂದರು. ಮನೆಮಾತಿನಲ್ಲಿ ಇರುವ ಪದವೇ ಅದು, ಅವರದು ತಪ್ಪಲ್ಲ. ಆದರೆ ಬಲೆ ಅಂದ ಕೂಡಲೇ ಹಿಂದಿನಿಂದ ನೊಣ ಬಂತು. ನೊಣದ ಹಿಂದೆ ರೈತ ಬಂದ. ಕಾಲ್ಡೋರ್ ಹೇಳದ ಒಂದು ಕಥೆ ನಮ್ಮ ನೋಟ್ಸಿನೊಳಗೆ ಬಂದು ಕೂತದ್ದು ಹೀಗೆ.

ಹಾಗಾದರೆ ನೇಯ್ಗೆ ಕನ್ನಡದಲ್ಲಿ ಇಲ್ಲವೇ ಇಲ್ಲವಾ? ಇದೆ. ಮೊದಲ ಅರ್ಧದಲ್ಲಿದೆ. ‘ಜೇಡ’ ಅಂದರೆ ಹುಳು ಮಾತ್ರ ಅಲ್ಲ, ನೇಕಾರ ಅಂತಲೂ ಅರ್ಥ. ನೀವು ಇರುವ ಕಡೆಯಿಂದ ಬಹಳ ದೂರ ಹೋಗಬೇಕಾಗಿಲ್ಲ. ಸುರಪುರ ಸೀಮೆಯ ಮುದನೂರು ನೋಡಿರುತ್ತೀರಿ. ಜೇಡರ ದಾಸಿಮಯ್ಯನವರ ಊರು ಅದು. ಆದ್ಯ ವಚನಕಾರ ಅಂತ ಕರೆಯುವ ಅವರು ಮಗ್ಗದ ಕಾಯಕದವರು. ವಚನಗಳ ಅಂಕಿತವಾದ ರಾಮನಾಥನ ಗುಡಿಯೂ ಅಲ್ಲೇ ಇದೆ. ಅವರ ಹೆಸರಿನ ಮುಂದಿರುವ ‘ಜೇಡರ’ ಅಂದರೆ ನೇಕಾರರ. ಎಷ್ಟೋ ಮಕ್ಕಳು ಶಾಲೆಯಲ್ಲಿ ಈ ಹೆಸರು ಕೇಳಿದಾಗ ಹುಳುವನ್ನೇ ನೆನಪು ಮಾಡಿಕೊಳ್ಳುತ್ತಾರೆ. ಹುಳುವಿಗೂ ನೇಕಾರನಿಗೂ ನಮ್ಮ ಭಾಷೆ ಒಂದೇ ಹೆಸರು ಇಟ್ಟಿದೆ, ಯಾಕಂದರೆ ಇಬ್ಬರ ಕೆಲಸವೂ ಒಂದೇ, ಎಳೆ ತೆಗೆದು ನೇಯುವುದು. ಸಂಸ್ಕೃತದ ‘ತಂತುವಾಯ’ ಪದಕ್ಕೂ ನೇಕಾರ, ಜೇಡ ಅಂತ ಎರಡು ಅರ್ಥ.

ನೋಡಿ, ಇಂಗ್ಲಿಷ್ ಪದದಲ್ಲಿ ವಿಷ ಮೊದಲು, ನೇಯ್ಗೆ ಆಮೇಲೆ. ಕನ್ನಡ ಪದದಲ್ಲಿ ನೇಯ್ಗೆ ಮೊದಲು, ಹಿಡಿಯುವುದು ಆಮೇಲೆ. ಚಿತ್ರದಲ್ಲಿ ಇರುವುದು ನೇಯ್ಗೆ ಮಾತ್ರ. ನಾವು ಒತ್ತು ಕೊಡಬೇಕಾಗಿದ್ದು ‘ಜೇಡ’ದ ಮೇಲೆ, ಕೊಟ್ಟದ್ದು ‘ಬಲೆ’ಯ ಮೇಲೆ.

ನಮ್ಮ ಕಡೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ ಅಲ್ವಾ, ಅದರಿಂದ ಒಂದು ಲಾಭ ಇದೆ. ಗುರುಮಠಕಲ್ ದಾಟಿ ತೆಲುಗು ಸೀಮೆಗೆ ಹೋದರೆ ಜೇಡಕ್ಕೆ ‘ಸಾಲೆಪುರುಗು’ ಅನ್ನುತ್ತಾರೆ. ಸಾಲೆ ಅಂದರೆ ನೇಕಾರ, ಪದ್ಮಸಾಲಿಯಲ್ಲಿ ಇರುವ ಸಾಲಿ ಅದೇ. ಪುರುಗು ಅಂದರೆ ಹುಳು. ನೇಕಾರ ಹುಳು! ಅದರ ಬಲೆಗೆ ‘ಸಾಲೆಗೂಡು’, ನೇಕಾರನ ಗೂಡು. ಅಲ್ಲಿ ಹಿಡಿಯುವ ಮಾತೇ ಇಲ್ಲ. ಬೀದರ್ ಕಡೆ ಭಾಲ್ಕಿ, ಔರಾದಿಗೆ ಹೋಗಿ ಮರಾಠಿ ಮಾತಾಡುವ ಮನೆಯಲ್ಲಿ ಕೇಳಿದರೆ ಜೇಡಕ್ಕೆ ‘ಕೋಳೀ’ ಅನ್ನುತ್ತಾರೆ. ಕೋಳೀ ಅಂದರೆ ಮೀನುಗಾರ ಕೂಡ. ಅಲ್ಲಿ ಜೇಡ ಅಂದರೆ ಬಲೆ ಬೀಸುವವ. ಕಲಬುರಗಿಯಲ್ಲಿ ಉರ್ದು ಮಾತಾಡುವವರು ‘ಮಕಡಿ ಕಾ ಜಾಲಾ’ ಅನ್ನುತ್ತಾರೆ, ಅದರಲ್ಲಿರುವುದು ನಮ್ಮ ಜಾಲವೇ. ಒಂದೇ ಹುಳುವನ್ನು ಒಂದು ಕಡೆ ನೇಕಾರ ಅಂತ ಕಂಡರು, ಇನ್ನೊಂದು ಕಡೆ ಮೀನುಗಾರ ಅಂತ ಕಂಡರು. ನಾವು ಎರಡನ್ನೂ ಜೋಡಿಸಿ ‘ಜೇಡರ ಬಲೆ’ ಮಾಡಿಕೊಂಡೆವು. ಹಾಗಾಗಿ ಆ ಹುಡುಗನಿಗೆ ನಾನು ಮರುದಿನ ಕೊಟ್ಟ ಉತ್ತರ ಇಷ್ಟು: ‘ನೀನು ಹೇಳಿದ್ದು ಸರಿ. ಇಲ್ಲಿ ರೈತ ನೊಣ ಅಲ್ಲ. ಈ ಚಿತ್ರದಲ್ಲಿ ನೊಣವೇ ಇಲ್ಲ. ಬಿತ್ತುವವರು, ಕೊಳ್ಳುವವರು ಸೇರಿ ವರ್ಷಕ್ಕೊಂದು ಎಳೆ ಹಾಕುತ್ತಾರೆ, ಅಷ್ಟೇ.’

ಇಂಗ್ಲಿಷ್ ಹೆಸರಿನಲ್ಲಿ ಇನ್ನೊಂದು ಪದ ಉಳಿಯಿತು, ‘ಥಿಯರಮ್’. ಕನ್ನಡದಲ್ಲಿ ಪ್ರಮೇಯ ಅನ್ನಬೇಕು, ನೋಟ್ಸಿನವರು ಸಿದ್ಧಾಂತ ಅಂದಿದ್ದಾರೆ, ತೊಂದರೆ ಇಲ್ಲ. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಅರ್ಥ ‘ನೋಡಿದ್ದು’, ‘ನೋಟ’. ನಾಟಕ ನೋಡುವ ಥಿಯೇಟರ್ ಕೂಡ ಅದರ ನೆಂಟನೇ. ಚಿತ್ರ ನೋಡಿ ಇಟ್ಟ ಹೆಸರಿಗೆ ಆ ಪದ ಹೊಂದಿಕೊಂಡೇ ಇದೆ.

ಇನ್ನು ತೊಗರಿ. ಬರೆಯಿರಿ, ಖಂಡಿತ ಬರೆಯಿರಿ. ಅಮೆರಿಕದ ಹಂದಿ, ಆಲೂಗಡ್ಡೆ ಬರೆಯುವುದಕ್ಕಿಂತ ನಿಮ್ಮ ಹೊಲದ ಬೆಳೆ ಬರೆಯುವುದು ಎಷ್ಟೋ ಮೇಲು. ಆದರೆ ಒಂದು ಕಡೆ ಹುಷಾರಾಗಿರಬೇಕು.

2014, 2015 ಎರಡೂ ವರ್ಷ ದೇಶದಲ್ಲಿ ಮುಂಗಾರು ಕೈಕೊಟ್ಟಿತು. 2015ರ ಅಕ್ಟೋಬರಿನಲ್ಲಿ ಪೇಟೆಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಎಲ್ಲರಿಗೂ ನೆನಪಿದೆ. ಆ ರೇಟು ನೋಡಿ 2016ರ ಮುಂಗಾರಿಗೆ ದೇಶದ ತುಂಬಾ ತೊಗರಿ ಬಿತ್ತಿದರು. ಹಿಂದಿನ ವರ್ಷ ಸುಮಾರು 40 ಲಕ್ಷ ಹೆಕ್ಟೇರ್ ಇದ್ದದ್ದು ಸುಮಾರು 53 ಲಕ್ಷಕ್ಕೆ ಹೋಯಿತು. ಬೆಳೆ 25.6 ಲಕ್ಷ ಟನ್ ಇದ್ದದ್ದು 48.7 ಲಕ್ಷ ಟನ್ ಆಯಿತು. ಆ ವರ್ಷ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5050 ರೂಪಾಯಿ. ಮಾರುಕಟ್ಟೆಯಲ್ಲಿ ರೇಟು ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತದ್ದು ನಿಮ್ಮ ತಂದೆಗೆ ನೆನಪಿರುತ್ತದೆ. ಮರುವರ್ಷ ಬಿತ್ತಿಗೆ ಸುಮಾರು 44 ಲಕ್ಷ ಹೆಕ್ಟೇರಿಗೆ ಇಳಿಯಿತು.

ಇಲ್ಲಿ ವಿದ್ಯಾರ್ಥಿಗಳು ಟನ್ನಿನ ಲೆಕ್ಕ ಬರೆದು, ನೋಡಿ ಕಾಬ್‌ವೆಬ್, ಅಂತ ಮುಗಿಸಿಬಿಡುತ್ತಾರೆ. ಸ್ವಲ್ಪ ನಿಲ್ಲಿ. ಬಿತ್ತಿಗೆ ಹೆಚ್ಚಿದ್ದು ಮೂರನೇ ಒಂದು ಪಾಲಿನಷ್ಟು. ಬೆಳೆ ಹೆಚ್ಚಿದ್ದು ಹತ್ತಿರ ಹತ್ತಿರ ಎರಡು ಪಟ್ಟು. ಉಳಿದದ್ದು ಎಲ್ಲಿಂದ ಬಂತು? ಇಳುವರಿಯಿಂದ. ಬರದ ವರ್ಷ ಹೆಕ್ಟೇರಿಗೆ ಆರೂವರೆ ಕ್ವಿಂಟಲಿನಷ್ಟು ಇದ್ದದ್ದು, ಒಳ್ಳೆ ಮಳೆಯಾದ ವರ್ಷ ಒಂಬತ್ತು ಕ್ವಿಂಟಲ್ ದಾಟಿತು. ಎಷ್ಟು ಎಕರೆ ಬಿತ್ತಬೇಕು ಅನ್ನುವುದನ್ನು ರೈತ ರೇಟು ನೋಡಿ ತೀರ್ಮಾನ ಮಾಡುತ್ತಾನೆ. ಎಕರೆಗೆ ಎಷ್ಟು ಬರುತ್ತದೆ ಅನ್ನುವುದನ್ನು ಮಳೆ, ನೆಟೆ ರೋಗ, ಕಾಯಿಕೊರಕ ತೀರ್ಮಾನ ಮಾಡುತ್ತವೆ. ಕಾಬ್‌ವೆಬ್ ಹೇಳುವುದು ಮೊದಲನೆಯದನ್ನು ಮಾತ್ರ. ಆದ್ದರಿಂದ ಉತ್ತರದಲ್ಲಿ ಬಿತ್ತಿದ ಪ್ರದೇಶದ ಅಂಕಿ ಹಾಕಿ, 40, 53, 44. ಬಲಕ್ಕೆ ಹೋಗಿ ಎಡಕ್ಕೆ ಬಂದ ಎಳೆ ಅಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಟನ್ನಿನ ಲೆಕ್ಕದಲ್ಲಿ ರೇಟೂ ಮಳೆಯೂ ಕಲೆಸಿಹೋಗಿವೆ.

ಇನ್ನೆರಡು ಸಂಗತಿಯನ್ನೂ ಒಂದೊಂದು ವಾಕ್ಯದಲ್ಲಿ ಸೇರಿಸಿ. ತೊಗರಿ ನಮ್ಮ ಹೊಲದಿಂದ ಮಾತ್ರ ಬರುವುದಲ್ಲ, ಮ್ಯಾನ್ಮಾರ್, ಮೊಜಾಂಬಿಕ್ ಕಡೆಯಿಂದಲೂ ಹಡಗಿನಲ್ಲಿ ಬರುತ್ತದೆ. ಮೊಜಾಂಬಿಕ್ ಜೊತೆ 2016ರಲ್ಲೇ ಒಪ್ಪಂದ ಆಯಿತು. ಆಮೇಲೆ ಬೆಂಬಲ ಬೆಲೆ ಇದೆ, 2025-26ಕ್ಕೆ ಅದು 8000 ರೂಪಾಯಿ. ಕಾಲ್ಡೋರರ ಚಿತ್ರದಲ್ಲಿ ಹಡಗೂ ಇಲ್ಲ, ಖರೀದಿ ಕೇಂದ್ರವೂ ಇಲ್ಲ.

ಇದಕ್ಕೆ ಒಂದು ದೊಡ್ಡ ಟೀಕೆಯೂ ಇದೆ, ಪರೀಕ್ಷೆಯಲ್ಲಿ ಕೇಳುತ್ತಾರೆ. 1961ರಲ್ಲಿ ಜಾನ್ ಮ್ಯೂಥ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಈ ಚಿತ್ರವನ್ನೇ ಎದುರಿಗೆ ಇಟ್ಟುಕೊಂಡು ಪ್ರಶ್ನೆ ಎತ್ತಿದರು. ಹೋದ ವರ್ಷದ ರೇಟೇ ಈ ವರ್ಷವೂ ಇರುತ್ತದೆ ಅಂತ ರೈತ ಪ್ರತಿ ಸಲ ನಂಬುತ್ತಾನಾ? ರೇಟು ಮೇಲೆ ಕೆಳಗೆ ಆಗುವುದನ್ನು ನೋಡಿ ನೋಡಿ ಕಲಿಯುವುದಿಲ್ಲವಾ? ಜನ ತಮಗೆ ಸಿಕ್ಕ ಮಾಹಿತಿಯನ್ನೆಲ್ಲ ಬಳಸಿ ಮುಂದಿನದನ್ನು ಅಂದಾಜು ಮಾಡುತ್ತಾರೆ ಅನ್ನುವ ‘ವಿವೇಚನೆಯ ನಿರೀಕ್ಷೆ’ಯ ಇಡೀ ಚಿಂತನೆ ಹುಟ್ಟಿದ್ದು ಆ ಲೇಖನದಿಂದ. ಮ್ಯೂಥ್ ಎತ್ತಿದ ಪ್ರಶ್ನೆ ಸರಿ. ನಮ್ಮ ರೈತರಿಗೆ ಇದು ಚೆನ್ನಾಗಿ ಗೊತ್ತು. ಕಲಬುರಗಿಯ ನೆಹರು ಗಂಜಿನಲ್ಲಿ ಒಂದು ಜನವರಿ ನಾನು ಅಡತ್ (ದಲ್ಲಾಳಿ) ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಅಫಜಲಪುರ ಕಡೆಯ ಹಿರಿಯರೊಬ್ಬರು ಮಾಲು ತೂಕ ಮಾಡಿಸಿ ಮಾರಾಟದ ಲೆಕ್ಕ ಬರೆದ ಪಟ್ಟಿ ಕೈಯಲ್ಲಿ ಹಿಡಿದು ಬಂದು ಪಕ್ಕದಲ್ಲಿ ಕೂತರು. ಪಟ್ಟಿಯ ಹಿಂದೆ ನಾನು ಇದೇ ಚಿತ್ರ ಬರೆದು ತೋರಿಸಿದೆ. ಅವರು ಬೆರಳಿಟ್ಟು ಎಳೆಯ ಮೇಲೆ ನಿಧಾನವಾಗಿ ಒಂದು ಸುತ್ತು ಹೋದರು. ಆಮೇಲೆ ಹೇಳಿದರು. ‘ಇದು ನಮಗ ಗೊತ್ತೈತ್ರಿ ಸರ. ಎಲ್ಲಾರೂ ಬಿತ್ತಿದ್ರ ಧಾರಣಿ ಬೀಳ್ತದ ಅಂತ ಗೊತ್ತೈತಿ. ಆದ್ರ ಮಳಿ ಮ್ಯಾಲಿನ ಎರಿ ಹೊಲದಾಗ ತೊಗರಿ ಬಿಟ್ರ ಮತ್ತೇನ್ ಹಾಕೂದು, ಹೇಳ್ರಿ?’

ನನ್ನ ಅಭಿಪ್ರಾಯ ಕೇಳಿದರೆ ಮ್ಯೂಥ್ ಅವರಿಗೆ ಸಿಗದ ಉತ್ತರ ಆ ಮಾತಿನಲ್ಲಿದೆ. ಕಲಿತರೂ ಬೇರೆ ದಾರಿ ಇರಬೇಕಲ್ಲ. ಬೀದರಿನವರು ಸೋಯಾ ಕಡೆ ತಿರುಗಬಹುದು. ನಾರಾಯಣಪುರ ಕಾಲುವೆ ನೀರು ಸಿಗುವ ನಿಮ್ಮ ಕಡೆಯವರು ಭತ್ತಕ್ಕೆ, ಹತ್ತಿಗೆ ಹೋಗಬಹುದು. ಮಳೆಯನ್ನೇ ನಂಬಿದ ಎರೆ ಹೊಲದಲ್ಲಿ ಆಳಕ್ಕೆ ಬೇರು ಬಿಟ್ಟು ಬರ ತಡೆಯುವ ಬೆಳೆ ಅಂದರೆ ಜನ ಮತ್ತೆ ತೊಗರಿಗೇ ಬರುತ್ತಾರೆ. ಹಾಗಾಗಿ ಉತ್ತರದಲ್ಲಿ ‘ರೈತ ಮುಂದಾಲೋಚನೆ ಇಲ್ಲದೆ ಬಿತ್ತುತ್ತಾನೆ’ ಅಂತ ಮಾತ್ರ ಬರೆಯಬೇಡಿ. ಎಷ್ಟೋ ನೋಟ್ಸುಗಳಲ್ಲಿ ಆ ವಾಕ್ಯ ಇದೆ. ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪರೀಕ್ಷೆಯಲ್ಲಿ ‘ಜೇಡರ ಬಲೆ ಸಿದ್ಧಾಂತ’ ಅಂತಲೇ ಬರೆಯಿರಿ, ಮೌಲ್ಯಮಾಪಕರಿಗೆ ಗೊತ್ತಿರುವ ಹೆಸರು ಅದು. ಕೆಳಗೆ ಒಂದು ಸಾಲು ಸೇರಿಸಿ: ರೇಖಾಚಿತ್ರವು ಜೇಡನ ನೇಯ್ಗೆಯಂತೆ ಕಾಣುವುದರಿಂದ ಈ ಹೆಸರು, 1934ರಲ್ಲಿ ಕಾಲ್ಡೋರ್ ಇಟ್ಟದ್ದು. ನಾನು ತರಗತಿಯಲ್ಲಿ ಮಾತಾಡುವಾಗ ‘ಜೇಡನ ನೇಯ್ಗೆ’ ಅಂತಲೇ ಹೇಳುತ್ತೇನೆ.

ಸಾಧ್ಯವಾದರೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಹಳೆಯ ಪಟ್ಟಿಗಳು ಇರುತ್ತವೆ. ಕಬ್ಬಿಣದ ಪೆಟ್ಟಿಗೆಯಲ್ಲೋ ದೇವರ ಫೋಟೊ ಹಿಂದೆಯೋ ಮಡಿಸಿ ಇಟ್ಟಿರುತ್ತಾರೆ. 2014ರಿಂದ ಇಲ್ಲಿಯ ತನಕ ಸಿಕ್ಕಷ್ಟು ತೆಗೆಯಿರಿ. ಪ್ರತಿ ವರ್ಷ ಕ್ವಿಂಟಲಿಗೆ ಎಷ್ಟು ಸಿಕ್ಕಿತು ಅಂತ ಅದರಲ್ಲಿ ಇರುತ್ತದೆ. ಅದರ ಮರುವರ್ಷ ಎಷ್ಟು ಎಕರೆ ತೊಗರಿ ಹಾಕಿದ್ದಿರಿ ಅಂತ ನಿಮ್ಮ ತಂದೆಯನ್ನು ಕೇಳಿ, ಪಕ್ಕದಲ್ಲಿ ಬರೆದುಕೊಳ್ಳಿ. ಕೆಳಗೆ ಎಕರೆ, ಪಕ್ಕದಲ್ಲಿ ಧಾರಣಿ ಹಾಕಿ ಹಾಳೆಯ ಮೇಲೆ ಮೊದಲ ಚುಕ್ಕಿ ಇಡಿ. ಮೊದಲ ಗೆರೆಯನ್ನು ಅಡ್ಡಕ್ಕೆ ಎಳೆಯಿರಿ, ಆಮೇಲೆ ನೆಟ್ಟಗೆ. ನಿಮ್ಮ ಮನೆಯ ಎಳೆ ಎತ್ತ ಕಡೆ ಸುತ್ತುತ್ತದೆ, ಎಲ್ಲಿ ಕಡಿಯುತ್ತದೆ ಅಂತ ನೋಡಿ. ಕಡಿದ ಕಡೆ ಆ ವರ್ಷ ಏನಾಗಿತ್ತು ಅಂತ ತಂದೆಯನ್ನು ಕೇಳಿ, ಅದನ್ನೂ ಅಲ್ಲೇ ಬರೆದಿಡಿ.